ಕಾಗೆ ಎಲ್ಲಿ ಹೋಯ್ತು?

ನಮ್ಮ ಟೀಮಿನ ಅರ್ಧ ಜನ ಸ್ಟಾಕ್‌ಹೋಮ್‌ನಲ್ಲಿ ಕೂತಿರ್ತಾರೆ, ಅರ್ಧ ಜನ ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಗಾಜಿನ ಕಟ್ಟಡದಲ್ಲಿ. ಒಂದು ಮಧ್ಯಾಹ್ನದ ಕಾಲ್‌ನಲ್ಲಿ, ರಿಲೀಸ್ ತಡ ಆಗುತ್ತೆ ಅಂತ ನಮ್ಮ ಕಡೆಯವರು ಬಾಯಿ ಒಣಗಿಸಿಕೊಂಡು ಹೇಳ್ತಿದ್ದಾಗ, ಆ ಕಡೆಯ ಹಿರಿಯರೊಬ್ಬರು ತಣ್ಣಗೆ "ದೇರ್ ಈಸ್ ನೋ ಕೌ ಆನ್ ದಿ ಐಸ್" ಅಂದ್ರು. ಐದಾರು ಸೆಕೆಂಡು ಯಾರೂ ಉಸಿರೆತ್ತಲಿಲ್ಲ. ಚಾಟ್‌ನಲ್ಲಿ ಒಬ್ಬ ಮೆಲ್ಲಗೆ "ವಿಚ್ ಕೌ?" ಅಂತ ಟೈಪ್ ಮಾಡಿದ.

ಅವರು ನಗ್ತಾ ವಿವರಿಸಿದ್ರು. ಸ್ವೀಡಿಶ್‌ನಲ್ಲಿ ಇದು ದಿನಬಳಕೆಯ ಮಾತು. ಐಸಿನ ಮೇಲೆ ಆಕಳೇನೂ ಇಲ್ಲ, ಅಂದ್ರೆ ಅವಸರ ಬೇಡ, ಗಾಬರಿ ಬೇಡ. ಪೂರ್ತಿ ಗಾದೆಗೆ ಇನ್ನೊಂದು ಬಾಲ ಇದೆ: ಅದರ ಹಿಂಭಾಗ ದಡದ ಮೇಲೆ ಇರೋ ತನಕ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಅಂಚಿನಲ್ಲಿ ಐಸು ಒಡೆದು ದನಕ್ಕೆ ನೀರು ಕುಡಿಸ್ತಿದ್ರಂತೆ. ಮುಂಗಾಲು ಐಸಿನ ಮೇಲೆ, ಹಿಂಗಾಲು ನೆಲದ ಮೇಲೆ ಇದ್ರೆ ಏನೂ ಆಗಲ್ಲ. ನಾಲ್ಕೂ ಕಾಲು ಐಸಿಗೆ ಬಂದ್ವೋ, ಆಗ ಓಡಬೇಕು.

ಅವರು "ನೋ ರಶ್" ಅಂದಿದ್ರೂ ಕೆಲಸ ನಡೀತಿತ್ತು. ಸಂಜೆ ನಾಲ್ಕಕ್ಕೆ ನಾನು ಅದನ್ನ ಮರೀತಿದ್ದೆ. ಆದ್ರೆ ಆ ಆಕಳು ಇನ್ನೂ ನನ್ನ ತಲೆಯಲ್ಲಿ ನಿಂತಿದೆ. ಮುಂದಿನ ವಾರ ಟೆಸ್ಟಿಂಗ್ ಹುಡುಗಿ "ಈಗ ಎಷ್ಟು ಕಾಲು ಐಸಿನ ಮೇಲಿದೆ?" ಅಂತ ಕೇಳಿದಳು. ಎಲ್ಲರಿಗೂ ಅರ್ಥ ಆಯ್ತು.

ಇಷ್ಟು ಚಿಕ್ಕ ವಿಷಯ ನನ್ನನ್ನ ಯಾಕೆ ಕೆಣಕ್ತು ಅಂದ್ರೆ, ನಾನು ಇದಕ್ಕೆ ತದ್ವಿರುದ್ಧ ಪಂಗಡದವನು. ಗಾದೆಯನ್ನ ಇಂಗ್ಲಿಷಿಗೆ ತರೋದು ಅಂದ್ರೆ ಅಲ್ಲಿ ಅದಕ್ಕೆ ಸಮನಾದ ಗಾದೆ ಹುಡುಕಿ ಬದಲಾಯಿಸೋದು ಅಂತ ನಂಬಿದ್ದವನು. ಈ ನಂಬಿಕೆ ನನಗೆ ಬಂದದ್ದು ಶಾಲೆಯ ಇಂಗ್ಲಿಷ್ ಗೈಡಿನಿಂದ. ಕೊನೇ ಪುಟಗಳಲ್ಲಿ ಎರಡು ಕಾಲಂ ಇರ್ತಿದ್ವು, ನೀವೂ ಬಾಯಿಪಾಠ ಮಾಡಿರ್ತೀರಿ. ಎಡಕ್ಕೆ 'ಕೈ ಕೆಸರಾದರೆ ಬಾಯಿ ಮೊಸರು', ಬಲಕ್ಕೆ 'ನೋ ಪೇನ್, ನೋ ಗೇನ್'. ಎಡಕ್ಕೆ 'ಹಾಸಿಗೆ ಇದ್ದಷ್ಟು ಕಾಲು ಚಾಚು', ಬಲಕ್ಕೆ ಬಟ್ಟೆ ಇದ್ದಷ್ಟು ಕೋಟು ಹೊಲಿಸಬೇಕು ಅನ್ನೋ ಇಂಗ್ಲಿಷ್ ಮಾತು. ಪರೀಕ್ಷೆಯಲ್ಲಿ ಗೆರೆ ಎಳೆದು ಜೋಡಿಸಿದ್ರೆ ಮಾರ್ಕ್ಸು. ಹುಮನಾಬಾದಿನಲ್ಲಿ ಕೂತು ಕೋಟು ಹೊಲಿಸೋದನ್ನ ಕಲಿತ ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಈಗ ಆ ಪಟ್ಟಿಯನ್ನ ಮತ್ತೆ ನೋಡಿದ್ರೆ ನಗು ಬರುತ್ತೆ. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಅನ್ನೋದರ ಎದುರಿಗೆ 'ಎವ್ರಿ ಡಾಗ್ ಹ್ಯಾಸ್ ಇಟ್ಸ್ ಡೇ'. ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ಅಧಿಕಾರ ಕೈ ಬದಲಾಯಿಸೋದನ್ನ ಕಾದು ಕೂತ ಇಬ್ಬರು ಹೆಂಗಸರು ಹೋಗಿ ಅಲ್ಲೊಂದು ನಾಯಿ ಬಂತು. ಮಾತಿನ ತಾತ್ಪರ್ಯ ಹೆಚ್ಚೂಕಡಿಮೆ ಸರಿ ಇದೆ, ಒಪ್ತೀನಿ. ಮನೆ ಮಾತ್ರ ಖಾಲಿ.

ಇನ್ನೊಂದು ನನಗೆ ನಗು ತರಿಸಲ್ಲ. 'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು.' ಎದುರಿಗೆ, ಮೊಟ್ಟೆ ಒಡೆಯೋ ಮುಂಚೆ ಕೋಳಿಮರಿ ಎಣಿಸಬೇಡ ಅನ್ನೋದು. ಕುಲಾವಿ ಅಂದ್ರೆ ಎಳೆಗೂಸಿನ ಟೊಪ್ಪಿಗೆ, ಫಾರ್ಸಿಯ 'ಕುಲಾಹ್' ನಮ್ಮ ತೊಟ್ಟಿಲಿನ ತನಕ ಬಂದಿರೋ ಪದ. ನಮ್ಮ ಕಡೆ ಹೆರಿಗೆಗೆ ಮುಂಚೆ ಕೂಸಿಗೆ ಅಂತ ಹೊಸ ಬಟ್ಟೆ ತರಲ್ಲ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಹುಟ್ಟಿದ ಮಕ್ಕಳೆಲ್ಲ ಉಳೀತಿರಲಿಲ್ಲ, ಹೊಲಿದಿಟ್ಟ ಟೊಪ್ಪಿಗೆ ಪೆಟ್ಟಿಗೆಯಲ್ಲೇ ಉಳಿದ ಮನೆಗಳು ಬೇಕಾದಷ್ಟಿದ್ವು. ಕೋಳಿಮರಿಯ ಗಾದೆಯಲ್ಲಿ ಲೆಕ್ಕ ತಪ್ಪುತ್ತೆ ಅಷ್ಟೆ. ಕುಲಾವಿಯ ಗಾದೆಯಲ್ಲಿ ಒಂದು ಅಂಜಿಕೆ ಇದೆ. ಆಫೀಸಿನಲ್ಲಿ ಇನ್ನೂ ಸಹಿ ಆಗದ ಕಾಂಟ್ರ್ಯಾಕ್ಟಿಗೆ ಪಾರ್ಟಿ ಮಾಡೋರನ್ನ ಕಂಡಾಗ ಎರಡೂ ನಡೆಯುತ್ತೆ. ಆದ್ರೆ ಕಥೆಯೊಂದರಲ್ಲಿ ಬಸುರಿ ಸೊಸೆಯ ಮುಂದೆ ಅತ್ತೆ ಈ ಮಾತು ಆಡಿದಾಗ ಅನುವಾದಕ ಅಲ್ಲಿ ಕೋಳಿಮರಿ ಬಿಟ್ರೆ, ಆ ಪುಟದಲ್ಲಿ ಏನು ನಡೀತು ಅನ್ನೋದೇ ಓದುಗನಿಗೆ ಗೊತ್ತಾಗಲ್ಲ.

ನಮ್ಮ ಊರುಗಳಲ್ಲಿ ಗಾದೆ ದಾಟೋದಕ್ಕೆ ಯಾವತ್ತೂ ಗೈಡು ಬೇಕಾಗಿರಲಿಲ್ಲ ಅನ್ನೋದು ಇದರಲ್ಲಿ ಮೋಜಿನ ಸಂಗತಿ. ಹುಮನಾಬಾದ್, ಬಸವಕಲ್ಯಾಣ ಎರಡೂ ಪುಣೆ–ಹೈದರಾಬಾದ್ ಹೆದ್ದಾರಿಯ ಊರುಗಳು. ಒಂದು ಕಡೆ ಸ್ವಲ್ಪ ಹೋದ್ರೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 1948ರ ಸೆಪ್ಟೆಂಬರ್ ತನಕ ನಿಜಾಮರ ರಾಜ್ಯ, ಕಚೇರಿ ಮತ್ತು ಶಾಲೆ ಉರ್ದುವಿನಲ್ಲಿ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕ ಪ್ರಭುಗಳು ಹತ್ತೊಂಬತ್ತನೇ ಶತಮಾನದಲ್ಲೇ ಮರಾಠಿ, ಕನ್ನಡ, ಹಿಂದಿ ಅಂತ ಭೇದ ಮಾಡದೆ ಪದ ಕಟ್ಟಿದವರು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಒಂದೇ ಗಂಟೆ ನಿಂತ್ರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತೆ.

ಕುಣಿಯೋಕೆ ಬಾರದವರ ಗಾದೆಯನ್ನೇ ತಗೊಳ್ಳಿ. ಕನ್ನಡದಲ್ಲಿ ಕುಣಿಯಲಾರದವಳು ನೆಲ ಡೊಂಕು ಅಂದಳು. ಮರಾಠಿಯಲ್ಲಿ 'ನಾಚ್ತಾ ಯೇಯೀನಾ, ಅಂಗಣ್ ವಾಕಡೇ'. ಉರ್ದು ಮಾತಾಡೋರ ಬಾಯಲ್ಲಿ 'ನಾಚ್ ನ ಜಾನೇ, ಆಂಗನ್ ಟೇಢಾ'. ತೆಲುಗಿನಲ್ಲಿ 'ಆಡಲೇಕ ಮದ್ದೆಲ ಓಡು'. ಅಲ್ಲಿ ಅಂಗಳ ನೆಟ್ಟಗಿದೆ, ಮದ್ದಲೆ ಒಡಕು. ನೆಲ ಅಂಗಳ ಆಯ್ತು, ಅಂಗಳ ಮದ್ದಲೆ ಆಯ್ತು, ಆದ್ರೆ ಕುಣಿಯೋಳು ನಾಲ್ಕೂ ಭಾಷೆಯಲ್ಲಿ ಎಲ್ಲರ ಮುಂದೆ ಗೆಜ್ಜೆ ಕಟ್ಟಿ ನಿಂತೇ ಇದ್ದಾಳೆ. ನೋಡೋರೂ ಇದ್ದಾರೆ. ಇದೇ ಗಾದೆ ಗೈಡಿನ ಬಲಗಡೆಗೆ ಹೋದ ತಕ್ಷಣ, ಕೆಲಸ ಬಾರದ ಕೆಲಸಗಾರ ಹತಾರವನ್ನ ದೂರಿದ ಅಂತಾಯ್ತು. ಕುಣಿತ ಹೋಯ್ತು, ಎಲ್ಲರೆದುರು ಆದ ಅವಮಾನವೂ ಹೋಯ್ತು. ಅಂದ ಹಾಗೆ 'ಕುಣಿಯಲಾರದವಳು' ಅನ್ನೋದು ಪಠ್ಯಪುಸ್ತಕದ ರೂಪ. ನಮ್ಮ ಆಯಿ ಹೇಳೋ ರೂಪದಲ್ಲಿ ಆ ಹೆಂಗಸಿನ ಕಸುಬಿನ ಹೆಸರೂ ಸೇರಿರುತ್ತೆ, ಇಲ್ಲಿ ಬರೆಯೋಕೆ ಆಗಲ್ಲ. ಇಂಗ್ಲಿಷಿಗೆ ಹೋಗೋ ಮುಂಚೆ ಕನ್ನಡದಲ್ಲೇ ಒಂದು ಅನುವಾದ ಆಗಿಬಿಟ್ಟಿದೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಜಾತಿಯನ್ನ ಹಳಿಯೋ, ಹೆಂಗಸರನ್ನ ಹಳಿಯೋ ಗಾದೆಗಳು ನಮ್ಮಲ್ಲಿ ಸಣ್ಣ ಸಂಖ್ಯೆಯಲ್ಲಿಲ್ಲ. ನಾನು ಅವನ್ನ ಬಳಸಲ್ಲ. ಆದ್ರೆ ಗಾದೆ ಸಂಗ್ರಹವನ್ನ ಅನುವಾದ ಮಾಡೋರು ಅವುಗಳ ಹಲ್ಲು ಕಿತ್ತು ಕೊಟ್ರೆ ಅದು ಮೋಸ ಅಂತಲೇ ನನ್ನ ಅಭಿಪ್ರಾಯ.

ಈಗ ನನ್ನನ್ನ ಬಹಳ ದಿನ ಸತಾಯಿಸಿದ ಗಾದೆಗೆ ಬರ್ತೀನಿ. 'ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ.' ಹುಮನಾಬಾದಿನವರಿಗೆ ಈ ಈರಭದ್ರ ಬರೀ ಪ್ರಾಸಕ್ಕೆ ಬಂದವನಲ್ಲ. ಊರಿನ ದೊಡ್ಡ ದೇವರೇ ವೀರಭದ್ರೇಶ್ವರ, ಜನವರಿಯಲ್ಲಿ ಜಾತ್ರೆ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಕೈಯಲ್ಲಿ ಖಡ್ಗ ಹಿಡಿದು, ಒಡಪು ಹೇಳ್ತಾ, ನೆಲ ಅದುರೋ ಹಾಗೆ ಕುಣಿಯೋದನ್ನ ನೋಡಿ ಬೆಳೆದವರು ನಾವು. ದಕ್ಷನ ಯಜ್ಞವನ್ನ ಧ್ವಂಸ ಮಾಡಿದವನ ಆವೇಶ ಅದು. ಸಾಲ ವಾಪಸ್ ಕೇಳೋಕೆ ಹೋದಾಗ ಸಾಲ ತಗೊಂಡವನು ಅದೇ ಆವೇಶದಲ್ಲಿ ಬಾಗಿಲಿಗೆ ಬರ್ತಾನೆ. ಕೊಟ್ಟವನು ಕೋಡಂಗಿ, ಅಂದ್ರೆ ಆಟದಲ್ಲಿ ನಗಿಸೋಕೆ ಬರೋ ಹುಚ್ಚುವೇಷದ ಹಾಗೆ ಅಂಗಳದಲ್ಲಿ ನಿಂತಿರ್ತಾನೆ. ಎರಡೂ ಪಾತ್ರ ರಂಗದ ಮೇಲಿನವು. ಒಂದೇ ಆಟದಲ್ಲಿ ವೇಷ ಅದಲುಬದಲಾಗಿದೆ.

ಗೈಡಿನಲ್ಲಿ ಇದಕ್ಕೆ ಸಮನಾಗಿ, ಸಾಲ ಕೊಟ್ರೆ ಗೆಳೆಯನನ್ನ ಕಳ್ಕೊಳ್ತೀಯ ಅನ್ನೋ ಅರ್ಥದ ಇಂಗ್ಲಿಷ್ ಮಾತಿತ್ತು. ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್'ನಲ್ಲಿ ಪೊಲೋನಿಯಸ್ ಮಗನಿಗೆ ಕೊಡೋ ಬುದ್ಧಿಮಾತೂ ಇದೇ ಜಾಡಿನದು, ಸಾಲ ತಗೋಬೇಡ, ಕೊಡಲೂಬೇಡ ಅಂತ. ಸ್ಕ್ಯಾಂಡಿನೇವಿಯಾದ ಮಾತು ಹೊರಟಿತ್ತಲ್ಲ, ಆ ಮುದುಕನೂ ಡೆನ್ಮಾರ್ಕಿನ ಅರಮನೆಯವನೇ. ಆದ್ರೆ ಅದು ಊರು ಬಿಟ್ಟು ಹೊರಟ ಮಗನಿಗೆ ಮುಂಗಡವಾಗಿ ಕೊಟ್ಟ ಎಚ್ಚರಿಕೆ. ನಮ್ಮದು ದುಡ್ಡು ಹೋದ ಮೇಲಿನ ಮಾತು. ನಮ್ಮ ಕಾಕಾನ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಇತ್ತು, ಕೆಳಗೇ ಉದ್ರಿ ಪುಸ್ತಕವೂ ಇತ್ತು. ವಸೂಲಿಗೆ ಹೋಗಿ ಬರಿಗೈಯಲ್ಲಿ ಬಂದ ದಿನ ಆತ ಚಪ್ಪಲಿ ಬಿಚ್ಚುತ್ತಾ ಈ ಗಾದೆ ಹೇಳಿ ತಾನೇ ನಗ್ತಿದ್ದ. ಅವನಿಗೆ ಬೇಕಾಗಿದ್ದದ್ದು ಬುದ್ಧಿವಾದ ಅಲ್ಲ. ಕಳೆದ ದುಡ್ಡಿಗೆ ಅಷ್ಟಾದರೂ ನಗು ಸಿಗಲಿ ಅಂತ.

ಒಂದಷ್ಟು ರಾತ್ರಿ ಕೂತು ನಾನೇ ಇಂಗ್ಲಿಷ್ ಮಾಡಿದೆ. ಕೊ-ಕೋ, ಇ-ಈ ಅನ್ನೋ ತಾಳ ಬಿಡಬಾರದು ಅಂತ ಹಟ. ವೀರಭದ್ರ ಅನ್ನೋ ಹೆಸರೇ 'ಇಸಗೊಂಡಾಂವ'ನ ಇ-ಕಾರಕ್ಕೋಸ್ಕರ ತನ್ನ ವ-ಕಾರ ಬಿಟ್ಟುಕೊಟ್ಟು ಈರಭದ್ರ ಆಗಿ ಕೂತಿದೆ, ದೇವರೇ ತಾಳಕ್ಕೆ ತಗ್ಗಿರುವಾಗ ನಾನು ಹೇಗೆ ಬಿಡಲಿ? ಕೊನೆಗೆ ಹೊಳೆದದ್ದು: 'ದಿ ಲೆಂಡರ್ಸ್ ಎ ಲೂನ್, ದಿ ಬಾರೋವರ್ಸ್ ಎ ಬಾಸ್.' ಎರಡು ದಿನ ಭಾರೀ ಖುಷಿಯಲ್ಲಿದ್ದೆ, ಟೀಮಿಗೂ ಕಳಿಸಿದೆ, ಎಲ್ಲರೂ ನಕ್ರು. ಮೂರನೇ ದಿನ ಗೊತ್ತಾಯ್ತು, ಬಾಸ್ ಕೈಯಲ್ಲಿ ಖಡ್ಗ ಇಲ್ಲ. ಸಾಲಗಾರ ದೇವರ ಆವೇಶವನ್ನೇ ಕದ್ದು ಮೈಮೇಲೆ ಹಾಕ್ಕೊಂಡಿದ್ದಾನೆ ಅನ್ನೋ ಕುಚೋದ್ಯ ಅಲ್ಲಿ ಇಲ್ಲವೇ ಇಲ್ಲ. ತಾಳ ಉಳಿಸೋಕೆ ಹೋಗಿ ದೇವರನ್ನ ಕಳೆದೆ. ಇದಕ್ಕಿಂತ ಒಳ್ಳೇದು ನನ್ನ ಕೈಲಿ ಇವತ್ತಿಗೂ ಆಗಿಲ್ಲ.

ನಾರ್ವೆಯವರ ಒಂದು ಮಾತು ಇಂಗ್ಲಿಷಿನಲ್ಲಿ ಬಹಳ ಓಡಾಡುತ್ತೆ, ಟ್ರೆಕಿಂಗ್ ಹೋಗೋರು ಕೇಳಿರ್ತೀರಿ: ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಇದೆ ಅಷ್ಟೆ. ಮೂಲದಲ್ಲಿ ಹವೆಗೆ 'ವೇರ್', ಬಟ್ಟೆಗೆ 'ಕ್ಲೇರ್'. ಅಚ್ಚುಕಟ್ಟಾದ ಪ್ರಾಸ. ಇಂಗ್ಲಿಷಿನಲ್ಲಿ ವೆದರ್ ಮತ್ತು ಕ್ಲೋದ್ಸ್, ಪ್ರಾಸ ಮಣ್ಣುಪಾಲು. ಆದ್ರೂ ಗಾದೆ ಬದುಕಿದೆ, ಯಾಕಂದ್ರೆ ತಪ್ಪನ್ನ ಆಕಾಶದಿಂದ ಎತ್ತಿ ನಿಮ್ಮ ಮೈಮೇಲೆ ಹಾಕೋ ಆ ತಿರುವು ಉಳಿದಿದೆ. ನಮ್ಮ 'ದೂರದ ಬೆಟ್ಟ ನುಣ್ಣಗೆ' ಕೂಡ ಹಾಗೇ, ಇದ್ದದ್ದನ್ನ ಇದ್ದ ಹಾಗೆ ಇಂಗ್ಲಿಷಿನಲ್ಲಿಟ್ರೆ ಯಾವ ಊರಿನವನಿಗೂ ಅರ್ಥ ಆಗುತ್ತೆ. ಅದಕ್ಕೆ ಪಕ್ಕದ ಹೊಲದ ಹುಲ್ಲು ಹೆಚ್ಚು ಹಸಿರು ಅನ್ನೋದನ್ನ ತಂದು ಅಂಟಿಸೋರಿಗೆ ಏನನ್ನಬೇಕೋ ಗೊತ್ತಿಲ್ಲ. ಹುಲ್ಲಿನ ಮಾತಿನಲ್ಲಿ ಹೊಟ್ಟೆಕಿಚ್ಚಿದೆ, ಬೆಟ್ಟದ ಮಾತಿನಲ್ಲಿ ಬರೀ ಕಣ್ಣಿನ ದೋಷ.

ಗಾದೆಯಿಂದ ಸ್ವಲ್ಪ ಮೇಲಕ್ಕೆ ಹೋಗಿ ಬಸವಕಲ್ಯಾಣಕ್ಕೆ ಬರೋಣ. ನಮ್ಮ ಕಡೆ ಯಾರೂ ಪೂರ್ತಿ ಹೆಸರು ಹೇಳಲ್ಲ, ಕಲ್ಯಾಣ ಅಂತಾರೆ ಅಷ್ಟೆ. ಆಯಿಯ ತವರು. ಅಲ್ಲಿ ಒಂದು ಗೋಡೆಯ ಮೇಲೆ 'ಕಾಯಕವೇ ಕೈಲಾಸ', ಅದರ ಕೆಳಗೆ ಇಂಗ್ಲಿಷಿನಲ್ಲಿ 'ವರ್ಕ್ ಈಸ್ ವರ್ಶಿಪ್'. ಇದೇ ಜೋಡಿ ನಮ್ಮ ಬೆಂಗಳೂರಿನ ಆಫೀಸಿನ ಪ್ಯಾಂಟ್ರಿಯಲ್ಲೂ ನವೆಂಬರ್ ಬಂದಾಗ ನೇತುಬೀಳುತ್ತೆ. ಗಾದೆಯಷ್ಟೇ ಸವೆದ ಮಾತು, ಗೈಡಿನ ಪಟ್ಟಿಯಷ್ಟೇ ಗಟ್ಟಿಯಾದ ಸಮಾನಾರ್ಥ. ಯಾರೂ ಪ್ರಶ್ನೆ ಕೇಳಲ್ಲ.

ಬಸವಣ್ಣನ ಹೆಸರಿಗೆ ಹೋಗಿರೋ ಈ ಮಾತು ಬರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದವನು ಗುರು, ಲಿಂಗ, ಜಂಗಮ ಎದುರಿಗಿದ್ರೂ ಅದನ್ನ ಮರೀಬೇಕು ಅನ್ನೋದು ಅಲ್ಲಿನ ವಾದ. ಅಂದ್ರೆ ಪೂಜೆಯನ್ನೂ ಪಕ್ಕಕ್ಕಿಡು ಅಂತ ಹೇಳೋ ಮಾತು. ಅದನ್ನ ಇಂಗ್ಲಿಷಿಗೆ ತಂದವರು ಆರಿಸಿಕೊಂಡ ಪದ ಯಾವುದು ನೋಡಿ, ವರ್ಶಿಪ್! ಹೊರಗೆ ಹಾಕಿದ ಪೂಜೆಯನ್ನೇ ಮುಂಬಾಗಿಲಿನಿಂದ ಮತ್ತೆ ಒಳಗೆ ಕರೆದ ಹಾಗಾಯ್ತು. ಯೂರೋಪಿನ ಕ್ರೈಸ್ತ ಮಠಗಳ ಕಡೆಯಿಂದ ಬಂದ, ದುಡಿಯೋದೇ ಪ್ರಾರ್ಥನೆ ಅನ್ನೋ ಲ್ಯಾಟಿನ್ ಮಾತೊಂದಿದೆ, 'ಲಬೊರಾರೆ ಎಸ್ಟ್ ಒರಾರೆ'. ನಮ್ಮ ಪ್ಯಾಂಟ್ರಿಯ ಇಂಗ್ಲಿಷ್ ಸಾಲು ಅದರ ಸಂಬಂಧಿ, ಮಾರಯ್ಯನ ಸಂಬಂಧಿ ಅಲ್ಲ. ಕಿವಿಗೆ ಎಷ್ಟು ಸಹಜ ಅನ್ನಿಸುತ್ತೆ ಅಂದ್ರೆ, ಅದು ಬೇರೆಯವರ ಮಾತು ಅನ್ನೋದೇ ಗೊತ್ತಾಗಲ್ಲ.

ಇನ್ನೂ ಒಂದಿದೆ. ಮಾರಯ್ಯ ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಇಷ್ಟು ಯಾಕೆ ಅಂತ ಕೇಳಿ, ಹೆಚ್ಚಿನದನ್ನ ವಾಪಸ್ ಸುರಿದು ಬರೋಕೆ ಕಳಿಸಿದಳು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಶನಿವಾರವೂ ಬನ್ನಿ ಅಂತ ಮೇಲ್ ಕಳಿಸೋ ಮುಂಚೆ ಈ ಪೋಸ್ಟರು ಅಂಟಿಸೋರು ಲಕ್ಕಮ್ಮನನ್ನ ಕೇಳಬೇಕಿತ್ತು. ವಿಧಾನಸೌಧದ ಮೇಲಿನ 'ಸರ್ಕಾರದ ಕೆಲಸ ದೇವರ ಕೆಲಸ' ಬಗ್ಗೆ ನಾನು ಏನೂ ಹೇಳಲ್ಲ, ನಿಮಗೇ ಬಿಟ್ಟೆ.

ವಚನಗಳನ್ನ ಇಂಗ್ಲಿಷಿನಲ್ಲಿ ಜಗತ್ತಿಗೆ ಓದಿಸಿದವರು ಎ. ಕೆ. ರಾಮಾನುಜನ್, 1973ರ 'ಸ್ಪೀಕಿಂಗ್ ಆಫ್ ಶಿವ' ಪುಸ್ತಕದಲ್ಲಿ. ಕೂಡಲಸಂಗಮದೇವ ಅಲ್ಲಿ ಕೂಡುವ ಹೊಳೆಗಳ ಒಡೆಯ ಆದ. ಓದೋಕೆ ಅಷ್ಟು ಚೆಂದ ಇದೆ ಅಂದ್ರೆ, ಬಾಗಲಕೋಟೆ ಜಿಲ್ಲೆಯಲ್ಲಿ ಆ ಹೆಸರಿನ ಊರಿದೆ, ಬಸ್ಸು ಹೋಗುತ್ತೆ ಅನ್ನೋದು ಇಂಗ್ಲಿಷ್ ಓದುಗನಿಗೆ ಬೇಕಾಗೋದೇ ಇಲ್ಲ. 1992ರಲ್ಲಿ ತೇಜಸ್ವಿನಿ ನಿರಂಜನ 'ಸೈಟಿಂಗ್ ಟ್ರಾನ್ಸ್‌ಲೇಶನ್' ಪುಸ್ತಕದಲ್ಲಿ ಈ ಅನುವಾದವನ್ನ ಗಟ್ಟಿಯಾಗಿ ಪ್ರಶ್ನಿಸಿದ್ರು, ಅಲ್ಲಮನ ವಚನವೊಂದನ್ನ ತಾವೇ ಮತ್ತೆ ಅನುವಾದಿಸಿ ತೋರಿಸಿದ್ರು. ನನಗೆ ಇಬ್ಬರೂ ಬೇಕು. ರಾಮಾನುಜನ್ ಇಲ್ಲದಿದ್ರೆ ನನ್ನ ಸ್ವೀಡನ್ನಿನ ಸಹೋದ್ಯೋಗಿಗೆ ಓದೋಕೆ ಕೊಡಲು ನನ್ನ ಹತ್ರ ಏನೂ ಇರ್ತಿರಲಿಲ್ಲ. ನಿರಂಜನ ಇಲ್ಲದಿದ್ರೆ ಕೊಟ್ಟ ಮೇಲೆ ಏನು ಬಿಟ್ಟುಹೋಯ್ತು ಅಂತ ನನಗೇ ಗೊತ್ತಾಗ್ತಿರಲಿಲ್ಲ.

ಅನುವಾದದಲ್ಲಿ ಒಂದು ಪದ ಆಚೀಚೆ ಆದ್ರೆ ಏನು ಮಹಾ ಅನ್ನೋರಿಗೆ ಕಲ್ಯಾಣದ್ದೇ ಇನ್ನೊಂದು ಉದಾಹರಣೆ ಇದೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲೇ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. 'ಸಪಿಂಡ' ಅನ್ನೋ ಪದದಲ್ಲಿ ಪಿಂಡ ಅಂದ್ರೆ ಶ್ರಾದ್ಧದ ಅನ್ನದ ಉಂಡೆಯೋ, ಮೈಯ ಅಂಶವೋ? ಮೈಯ ಅಂಶ ಅಂದ ವಿಜ್ಞಾನೇಶ್ವರ. ಬಂಗಾಳದ 'ದಾಯಭಾಗ' ಅನ್ನದ ಉಂಡೆಯ ಕಡೆ ನಿಂತಿತು. 1810ರಲ್ಲಿ ಕೋಲ್‌ಬ್ರೂಕ್ ಎರಡರ ಆಸ್ತಿಭಾಗದ ಪ್ರಕರಣಗಳನ್ನ ಇಂಗ್ಲಿಷಿಗೆ ತಂದ, ಬ್ರಿಟಿಷ್ ಕೋರ್ಟುಗಳು ಆ ಇಂಗ್ಲಿಷನ್ನ ಮುಂದಿಟ್ಟುಕೊಂಡು ತೀರ್ಪು ಕೊಟ್ವು. ಒಂದು ಪದವನ್ನ ಹೀಗೆ ಓದಿದ್ರೆ ಹೊಲ ಒಬ್ಬರಿಗೆ, ಹಾಗೆ ಓದಿದ್ರೆ ಇನ್ನೊಬ್ಬರಿಗೆ.

ನನ್ನ ಕಥೆಯಲ್ಲಿ ಹೊಲ ಇಲ್ಲ. ಆಯಿಯ ಬೆನ್ನಿದೆ.

ಎರಡು ವರ್ಷದ ಹಿಂದೆ ಆಯಿಯನ್ನ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ವಿ. ಸೊಂಟದ ಆಪರೇಶನ್ನು, ಹೆಚ್ಚು ದಿನ ಮಲಗಿಯೇ ಇದ್ದಿದ್ದರಿಂದ ಬೆನ್ನ ಕೆಳಗೆ ಹುಣ್ಣಾಗಿತ್ತು. ಡಾಕ್ಟರಿಗೆ ಕನ್ನಡ ಬಾರದು, ಆಯಿಗೆ ಕನ್ನಡ ಬಿಟ್ರೆ ನಿಜಾಮರ ಕಾಲದ ನಾಲ್ಕು ಉರ್ದು ಮಾತು. ನಡುವೆ ದುಭಾಷಿ ನಾನು. ದಿನಾ ಬೆಳಿಗ್ಗೆ ಡ್ರೆಸ್ಸಿಂಗ್ ಬದಲಾಯಿಸೋಕೆ ಒಬ್ಬರು ಬರ್ತಿದ್ರು, ಆಗ ನಮ್ಮನ್ನ ಹೊರಗೆ ಕಳಿಸ್ತಿದ್ರು. ಮೂರನೇ ದಿನ ಡಾಕ್ಟರು ಬಂದು, ನೋವು ಒಂದರಿಂದ ಹತ್ತರೊಳಗೆ ಎಷ್ಟು ಅಂತ ಕೇಳಿದ್ರು. ನಾನು ಕನ್ನಡದಲ್ಲಿ ಕೇಳಿದೆ. ಆಯಿ ಗೋಡೆ ಕಡೆ ಮುಖ ಮಾಡಿ, "ಎತ್ತಿನ ಹುಣ್ಣು ಕಾಗಿಗೇನ್ ಗೊತ್ತ ತಮ್ಮಾ" ಅಂದಳು.

ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಗೈಡಿನ ಬಲಗಡೆಯ ಕಾಲಂ ನಾಲಿಗೆ ತುದಿಯಲ್ಲೇ ಇತ್ತು. ಎಲ್ಲಿ ಚುಚ್ಚುತ್ತೆ ಅನ್ನೋದು ಶೂ ಹಾಕ್ಕೊಂಡವರಿಗೆ ಮಾತ್ರ ಗೊತ್ತು ಅನ್ನೋ ಇಂಗ್ಲಿಷ್ ಗಾದೆಯನ್ನ ಒಳ್ಳೇ ಉಚ್ಚಾರದಲ್ಲಿ ಹೇಳಿದೆ. ಡಾಕ್ಟರು ನಕ್ಕು, ನಿಮ್ಮ ಅಜ್ಜಿ ತತ್ವಜ್ಞಾನಿ ಅಂದ್ರು. ನೋವಿನ ಮುಂದೆ ಐದು ಅಂತ ಬರ್ಕೊಂಡು ಹೋದ್ರು. ನನಗೂ ಒಂಥರಾ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳಲಿ.

ಆ ಇಂಗ್ಲಿಷ್ ಗಾದೆಯಲ್ಲಿ ನೋವಿದೆ, ನೋವು ಬೇರೆಯವರಿಗೆ ಕಾಣಲ್ಲ ಅನ್ನೋದೂ ಇದೆ. ಶೂ ಬಿಗಿ ಇದೆ, ಅಷ್ಟೆ, ಯಾರದ್ದೂ ತಪ್ಪಿಲ್ಲ. ನಮ್ಮ ಗಾದೆಯಲ್ಲಿ ಎತ್ತಿನ ಬೆನ್ನ ಮೇಲೆ ಒಂದು ಕಾಗೆ ಕೂತಿದೆ. ಅದು ಸುಮ್ಮನೆ ಕೂತಿಲ್ಲ, ಹುಣ್ಣನ್ನ ಕುಕ್ಕುತ್ತಿದೆ. ನೊಗಕ್ಕೆ ಕಟ್ಟಿದ ಎತ್ತಿಗೆ ತಿರುಗಿ ಅದನ್ನ ಓಡಿಸೋಕೂ ಆಗಲ್ಲ. ಆಯಿ ಆವತ್ತು ಮೂರು ಮಾತು ಹೇಳಿದ್ದಳು: ನನಗೆ ಹುಣ್ಣಿದೆ, ಅದನ್ನ ಯಾರೋ ಕುಕ್ಕುತ್ತಿದ್ದಾರೆ, ನನ್ನ ಕೈಲಿ ತಡೆಯೋಕೆ ಆಗ್ತಿಲ್ಲ. ನಾನು ಮೂರರಲ್ಲಿ ಒಂದನ್ನ ಮಾತ್ರ ದಾಟಿಸಿ, ಉಳಿದ ಎರಡನ್ನ ಸಹಜ ಇಂಗ್ಲಿಷಿನ ಕೆಳಗೆ ಹೂತುಹಾಕಿದೆ.

ಗೊತ್ತಾದದ್ದು ಎರಡು ದಿನ ಆದ ಮೇಲೆ, ಅವ್ವ ಜಗಳ ಮಾಡಿ ಡ್ರೆಸ್ಸಿಂಗ್ ಹೊತ್ತಿನಲ್ಲಿ ಒಳಗೇ ನಿಂತಾಗ. ಅಂಟಿದ ಪಟ್ಟಿಯನ್ನ ನೀರು ಹಾಕಿ ನೆನೆಸದೆ, ಒಣಗಿದ ಹಾಗೇ ಎಳೆದು ಕೀಳ್ತಿದ್ರು. ಪ್ರತಿ ಸಲ ಹೊಸ ಚರ್ಮ ಕಿತ್ತು ಬರ್ತಿತ್ತು. ಅವ್ವ ಹೊರಗೆ ಬಂದು ನನ್ನನ್ನ ಕೇಳಿದಳು, "ಆಯಿ ನಿನಗ ಏನೂ ಅಂದಿಲ್ಲೇನು?" ಅಂದಿದ್ದಳು ಅಂತ ಹೇಳೋಕೆ ಬಾಯಿ ಬರಲಿಲ್ಲ.

ನೇರವಾಗಿ ಯಾಕೆ ಹೇಳಲಿಲ್ಲ ಆಯಿ, ಅಂತ ಆಮೇಲೆ ಕೇಳಿದೆ. "ಹೆಸರ ಹಿಡದು ಹ್ಯಾಂಗ್ ಹೇಳಲಿ? ಅವರ ಕೈಯಾಗ ನಾ ಇದ್ದೀನಿ" ಅಂದಳು. ಹೆಸರು ಹೇಳದೆ ದೂರು ಕೊಡೋಕೆ ಅವಳ ಹತ್ರ ಇದ್ದ ಸಾಧನ ಗಾದೆ. ಡಾಕ್ಟರಿಗೆ ಅರ್ಥ ಆಗಲಿ, ಡ್ರೆಸ್ಸಿಂಗ್ ಮಾಡೋರು ಎದುರಿಗೇ ಇದ್ರೂ ಅವರಿಗೆ ತಟ್ಟದಿರಲಿ, ಕೇಳಿದ್ರೆ ಸುಮ್ಮನೆ ಗಾದೆ ಅಂದೆ ಅನ್ನಬಹುದು. ಅತ್ತೆಯ ಮುಂದೆ ಸೊಸೆ, ಗೌಡನ ಮುಂದೆ ಆಳು ಹೀಗೇ ಮಾತಾಡಿದ್ದಾರೆ. ಅವಳ ಮೊಮ್ಮಗ ದುಭಾಷಿ ಅದನ್ನ ತತ್ವಜ್ಞಾನ ಮಾಡ್ತಾನೆ ಅಂತ ಅವಳಿಗೆ ಹೇಗೆ ಗೊತ್ತಿರಬೇಕು?

ಆ ಜಾಗದಲ್ಲಿ ನಾನು ಏನು ಹೇಳಬೇಕಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೀನಿ. 'ವಾಟ್ ಡಸ್ ದಿ ಕ್ರೋ ನೋ ಆಫ್ ದಿ ಬುಲ್ಲಕ್ಸ್ ಸೋರ್' ಅಂದಿದ್ರೆ ಇಂಗ್ಲಿಷ್ ಕಿವಿಗೆ ಒರಟು, ನಿಜ. ಡಾಕ್ಟರು ನಗ್ತಿರಲಿಲ್ಲ, ಹುಬ್ಬು ಗಂಟಿಕ್ಕಿ 'ವಿಚ್ ಕ್ರೋ?' ಅಂತ ಕೇಳ್ತಿದ್ರೇನೋ, ನಮ್ಮ ಚಾಟ್‌ನಲ್ಲಿ ಹುಡುಗ ಕೇಳಿದ ಹಾಗೆ. ಆ ಒಂದು ಪ್ರಶ್ನೆ ಸಾಕಾಗಿತ್ತು. ಹಾಗಂತ ಎಲ್ಲ ಕಡೆ ಹೀಗೇ ಮಾಡಿ ಅಂತ ನಾನು ಹೇಳ್ತಿಲ್ಲ. ಸಿನಿಮಾ ಸಬ್‌ಟೈಟಲ್‌ನಲ್ಲಿ ಒಂದು ಸಾಲಿಗೆ ಎರಡು ಸೆಕೆಂಡು ಸಿಗುತ್ತೆ, ಅಲ್ಲಿ ಕಾಗೆಯನ್ನ ಹಾರಿಸಿಬಿಟ್ಟು ಮುಂದೆ ಹೋಗಬೇಕಾಗಬಹುದು. ಕ್ಲೈಂಟ್ ಕಾಲ್‌ನಲ್ಲೂ ಅಷ್ಟೆ. ಆದ್ರೆ ಹಾರಿಸಿದ್ದು ಕಾಗೆಯನ್ನ ಅನ್ನೋದು ಹಾರಿಸಿದವನಿಗಾದರೂ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದ ಜರ್ಮನಿಯ ಕಿಟ್ಟೆಲ್, ಪದದ ಬಳಕೆ ತೋರಿಸೋಕೆ ನಮ್ಮ ಗಾದೆಗಳನ್ನ ಸಾಲುಸಾಲಾಗಿ ಪಕ್ಕದಲ್ಲಿಟ್ಟ. ಪರದೇಶಿಗೆ ಗಾದೆ ಕೇಳಿದ ತಕ್ಷಣ ಪ್ರತಿ ಪದದ ಮೇಲೂ ಅನುಮಾನ ಇರುತ್ತೆ, ಕಾಗೆ ಯಾಕೆ, ಎತ್ತು ಯಾಕೆ ಅಂತ. ಮನೆಯ ಮಗನಾದ ನನಗೆ ಆ ಅನುಮಾನವೇ ಬರಲಿಲ್ಲ.

ಆಯಿ ಈಗ ಹುಮನಾಬಾದಿನಲ್ಲಿ ಆರಾಮಾಗಿದ್ದಾಳೆ, ಕೋಲು ಹಿಡಿದು ಓಡಾಡ್ತಾಳೆ. ಹೋದ ಸಲ ಊರಿಗೆ ಹೋದಾಗ ಸ್ವೀಡನ್ನಿನ ಗಾದೆ ಹೇಳಿದೆ. ಬರ್ಫಿನ ಮ್ಯಾಲ ಆಕಳ ಇಲ್ಲಂತ ಆಯಿ, ಅಂದ್ರ ಗಾಬರಿ ಆಗಬ್ಯಾಡ ಅಂತ ಅರ್ಥ. ಎಲೆಅಡಿಕೆ ಕುಟ್ಟೋದನ್ನ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಬರ್ಫಿನ ಮ್ಯಾಲ ಆಕಳ ಯಾಕ ಬಿಟ್ಟಿದ್ರು? ಕಟ್ಲಾಕ ಗೂಟ ಇದ್ದಿಲ್ಲೇನು ಅವರಿಗಿ?"